ಹಳೆಯ ಛಾವಣಿ, ಆಲಿಕಲ್ಲು, ಇನ್ಶೂರೆನ್ಸ್: ಅಮೆರಿಕದಲ್ಲಿ ಸ್ವಂತ ಮನೆ ಇರುವವರಿಗೆ ಒಂದು ಮಾರ್ಗದರ್ಶಿ

ಟೆಕ್ಸಾಸ್‌ನಲ್ಲಿ ಮನೆ ತೆಗೆದುಕೊಂಡ ಕನ್ನಡಿಗರ ಊರುಗಳನ್ನು ಹೇಳಿ ಎಂದರೆ ಡಲ್ಲಾಸ್ ಪಕ್ಕದ ಫ್ರಿಸ್ಕೊ, ಪ್ಲೇನೊ, ಆಸ್ಟಿನ್ ಪಕ್ಕದ ರೌಂಡ್ ರಾಕ್, ಹ್ಯೂಸ್ಟನ್ ಪಕ್ಕದ ಕೇಟಿ ಮೊದಲು ಬಾಯಿಗೆ ಬರುತ್ತವೆ. ಅಲ್ಲಿನ ಎಷ್ಟೋ ಬಡಾವಣೆಗಳು ಎದ್ದು ಹದಿನೈದು, ಇಪ್ಪತ್ತು ವರ್ಷಗಳಾಗಿವೆ. ಆಗ ಹಾಕಿದ ಶಿಂಗಲ್ (ಡಾಂಬರು ಲೇಪಿಸಿದ ತೆಳು ಹಾಸು) ಛಾವಣಿಗಳಿಗೆ ಈಗ ವಯಸ್ಸಾಗಿದೆ. ಇದು ಮನೆಯವರಿಗೆ ಗೊತ್ತಾಗುವ ಮೊದಲು ಇನ್ಶೂರೆನ್ಸ್ ಕಂಪನಿಗೆ ಗೊತ್ತಾಗಿರುತ್ತದೆ. ಒಂದು ದಿನ ಪತ್ರ ಬರುತ್ತದೆ: ಛಾವಣಿ ಬದಲಾಯಿಸದಿದ್ದರೆ ಪಾಲಿಸಿ ಮುಂದುವರಿಸುವುದಿಲ್ಲ. ಇಲ್ಲವೇ ಆಲಿಕಲ್ಲು ಬಿದ್ದ ಮೇಲೆ ಕ್ಲೇಮ್ ಹಾಕಿದರೆ, ಕೈಗೆ ಬರುವ ಚೆಕ್ ನೋಡಿ ಬೇಸರವಾಗುತ್ತದೆ.

ಇಂಥ ಕ್ಲೇಮ್‌ಗಳ ಗತಿ ಬಿರುಗಾಳಿ ಬರುವ ಮೊದಲೇ ಅರ್ಧ ತೀರ್ಮಾನವಾಗಿರುತ್ತದೆ. ನಿಮ್ಮ ಪಾಲಿಸಿಯಲ್ಲಿ ಏನು ಬರೆದಿದೆ, ಛಾವಣಿ ಮೊದಲು ಹೇಗಿತ್ತು ಎನ್ನುವುದಕ್ಕೆ ನಿಮ್ಮ ಹತ್ತಿರ ಏನು ದಾಖಲೆ ಇದೆ, ಈ ಎರಡರ ಮೇಲೆ ಬಹಳಷ್ಟು ನಿಂತಿದೆ. ಉಳಿದರ್ಧ, ಗಾಳಿಮಳೆ ನಿಂತ ಮೇಲಿನ ಮೊದಲ ಕೆಲವು ದಿನಗಳಲ್ಲಿ ನೀವು ಯಾವ ಕಾಗದಕ್ಕೆ ಸಹಿ ಹಾಕುತ್ತೀರಿ, ಯಾವುದಕ್ಕೆ ಹಾಕುವುದಿಲ್ಲ ಎನ್ನುವುದರ ಮೇಲೆ. ಇಲ್ಲಿ ಟೆಕ್ಸಾಸ್ ಬಗ್ಗೆ ಜಾಸ್ತಿ ಬರೆದಿದ್ದೇನೆ. ಫ್ಲೋರಿಡಾದ ಕಾನೂನು ಬೇರೆಯೇ ಆದ್ದರಿಂದ ಅದನ್ನು ಪ್ರತ್ಯೇಕವಾಗಿ ಹೇಳಿದ್ದೇನೆ. ಬೇರೆ ರಾಜ್ಯದವರಿಗೂ ಲೆಕ್ಕಾಚಾರದ ಭಾಗ ಹೆಚ್ಚುಕಡಿಮೆ ಇದೇ.

ಹೆಜ್ಜೆ 1: ಇವತ್ತೇ ಪಾಲಿಸಿ ತೆರೆದು ನೋಡಿ

ಕಂಪನಿಯ ವೆಬ್‌ಸೈಟಿಗೆ ಹೋಗಿ ಪೂರ್ತಿ ಪಾಲಿಸಿಯನ್ನು ಇಳಿಸಿಕೊಳ್ಳಿ. ಮೊದಲ ಒಂದೆರಡು ಪುಟಕ್ಕೆ ಡಿಕ್ಲರೇಷನ್ಸ್ ಪೇಜ್ ಎನ್ನುತ್ತಾರೆ. ಅಲ್ಲಿ ಮೂರು ವಿಷಯ ಹುಡುಕಬೇಕು.

ಒಂದು, ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್, ಅಂದರೆ ನಷ್ಟದಲ್ಲಿ ನೀವು ಕೈಯಿಂದ ಹಾಕಬೇಕಾದ ಪಾಲು. ಬೆಂಕಿ, ಕಳ್ಳತನಕ್ಕೆ ಒಂದು ಡಿಡಕ್ಟಿಬಲ್ ಇದ್ದರೆ, ವಿಂಡ್ ಆಂಡ್ ಹೇಲ್‌ಗೆ ಸಾಮಾನ್ಯವಾಗಿ ಇನ್ನೊಂದು ಇರುತ್ತದೆ. ಅದು ಡಾಲರ್‌ನಲ್ಲಿ ಇರದೆ ಶೇಕಡಾ ಲೆಕ್ಕದಲ್ಲಿ ಇರುತ್ತದೆ: 1, 2, ಕೆಲವು ಕಡೆ 5 ಕೂಡ. ಇದು ನಷ್ಟದ ಶೇಕಡಾ 2 ಅಲ್ಲ, ಮನೆಗೆ ಮಾಡಿಸಿದ ಇನ್ಶೂರೆನ್ಸ್ ಮೊತ್ತದ ಶೇಕಡಾ 2. ಡ್ವೆಲಿಂಗ್ ಕವರೇಜ್ 5 ಲಕ್ಷ ಡಾಲರ್ ಇದ್ದರೆ ನಿಮ್ಮ ಕೈಯಿಂದ ಹೋಗುವುದು 10,000 ಡಾಲರ್. ಮನೆ ಮತ್ತೆ ಕಟ್ಟುವ ಖರ್ಚು ಏರಿದ ಹಾಗೆ ಕವರೇಜ್ ಏರುತ್ತದೆ, ಅದರ ಜೊತೆಗೆ ಈ ಮೊತ್ತವೂ ಯಾರಿಗೂ ಹೇಳದೆ ಏರುತ್ತದೆ.

ಎರಡು, ಛಾವಣಿಗೆ ಹಣ ಕೊಡುವ ರೀತಿ. ರಿಪ್ಲೇಸ್‌ಮೆಂಟ್ ಕಾಸ್ಟ್ ಎಂದಿದ್ದರೆ ಹೊಸ ಛಾವಣಿಯ ಖರ್ಚು ಸಿಗುತ್ತದೆ. ಆಕ್ಚುಯಲ್ ಕ್ಯಾಶ್ ವ್ಯಾಲ್ಯೂ ಎಂದಿದ್ದರೆ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಉಳಿದದ್ದು ಮಾತ್ರ. ಬಹಳ ಜನ ಎಡವುವುದು ಇಲ್ಲೇ. ಡಿಕ್ಲರೇಷನ್ಸ್ ಪುಟದಲ್ಲಿ ದೊಡ್ಡದಾಗಿ ರಿಪ್ಲೇಸ್‌ಮೆಂಟ್ ಕಾಸ್ಟ್ ಎಂದೇ ಇರುತ್ತದೆ. ಆದರೆ ಹಿಂದಿನ ಪುಟಗಳಲ್ಲಿ ಒಂದು ಎಂಡಾರ್ಸ್‌ಮೆಂಟ್ (ಷರತ್ತು ಬದಲಿಸುವ ತಿದ್ದುಪಡಿ) ಸೇರಿಸಿ, ಛಾವಣಿಗೆ ಮಾತ್ರ ಕ್ಯಾಶ್ ವ್ಯಾಲ್ಯೂ ಅಂತ ಬರೆದಿರುತ್ತಾರೆ. ಇನ್ನು ಕೆಲವರ ಪಾಲಿಸಿಯಲ್ಲಿ ರೂಫ್ ಪೇಮೆಂಟ್ ಶೆಡ್ಯೂಲ್ ಎಂಬ ಪಟ್ಟಿ ಇರುತ್ತದೆ. ಛಾವಣಿಗೆ ಇಷ್ಟು ವರ್ಷವಾಗಿದ್ದರೆ ಇಷ್ಟು ಶೇಕಡಾ ಎಂದು ಮೊದಲೇ ಕಟ್ಟಿಹಾಕಿದ ಲೆಕ್ಕ ಅದು. ಪ್ರತಿ ವರ್ಷ ನವೀಕರಣದ ಪತ್ರದ ಜೊತೆ ಬರುವ 'ಪಾಲಿಸಿಯಲ್ಲಿ ಬದಲಾವಣೆ' ಎಂಬ ಹಾಳೆಯನ್ನು ದಯವಿಟ್ಟು ಓದಿ. ಈ ಬದಲಾವಣೆಗಳು ಬರುವುದು ಆ ದಾರಿಯಲ್ಲೇ.

ಮೂರು, ಕಾಸ್ಮೆಟಿಕ್ ಡ್ಯಾಮೇಜ್ ಎಕ್ಸ್‌ಕ್ಲೂಷನ್ ಇದೆಯಾ ಎಂದು ನೋಡಿ. ಇದ್ದರೆ, ಲೋಹದ ಛಾವಣಿಯಲ್ಲಿ ಆಲಿಕಲ್ಲಿನಿಂದ ಗುಳಿ ಬಿದ್ದರೂ ನೀರು ಸೋರದಿದ್ದರೆ ದುಡ್ಡು ಬರುವುದಿಲ್ಲ.

ಹೆಜ್ಜೆ 2: ಲೆಕ್ಕವನ್ನು ಮೊದಲೇ ಹಾಕಿಟ್ಟುಕೊಳ್ಳಿ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊಸ ಛಾವಣಿಗೆ 24,000 ಡಾಲರ್ ಆಗುತ್ತದೆ ಎಂದಿಟ್ಟುಕೊಳ್ಳಿ. ಈಗಿನ ಛಾವಣಿಗೆ 15 ವರ್ಷ. ಕಂಪನಿ ಅದರ ಆಯಸ್ಸನ್ನು 25 ವರ್ಷ ಎಂದು ಹಿಡಿದರೆ ಸವಕಳಿ ಶೇಕಡಾ 60, ಅಂದರೆ 14,400 ಡಾಲರ್. ಮನೆಯ ಕವರೇಜ್ 5 ಲಕ್ಷ, ಡಿಡಕ್ಟಿಬಲ್ ಶೇಕಡಾ 1, ಅಂದರೆ 5,000.

ರಿಪ್ಲೇಸ್‌ಮೆಂಟ್ ಕಾಸ್ಟ್ ಪಾಲಿಸಿಯಾದರೆ ಹಣ ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಚೆಕ್ 24,000ದಿಂದ ಸವಕಳಿ, ಡಿಡಕ್ಟಿಬಲ್ ಎರಡೂ ಕಳೆದು 4,600 ಡಾಲರ್. ಕೆಲಸ ಮುಗಿಸಿ ಬಿಲ್ ಕಳಿಸಿದ ಮೇಲೆ ಹಿಡಿದಿಟ್ಟಿದ್ದ 14,400 ಬರುತ್ತದೆ. ಇದಕ್ಕೆ ರಿಕವರಬಲ್ ಡಿಪ್ರಿಸಿಯೇಷನ್ ಎನ್ನುತ್ತಾರೆ. ಒಟ್ಟು ಸಿಕ್ಕಿದ್ದು 19,000, ನಿಮ್ಮ ಕೈಯಿಂದ 5,000. ಮೊದಲ ಚೆಕ್ ನೋಡಿ ಗಾಬರಿಯಾಗಿ 'ಇಷ್ಟೇನಾ' ಎಂದು ಸುಮ್ಮನಾಗಬೇಡಿ. ಎರಡನೆಯ ಕಂತು ಕೇಳದೆ ಬಿಟ್ಟವರು, ಗಡುವು ದಾಟಿಸಿಕೊಂಡವರು ಇದ್ದಾರೆ. ಬಹಳ ಪಾಲಿಸಿಗಳಲ್ಲಿ ಅದಕ್ಕೆ ಒಂದು ವರ್ಷದ ಆಸುಪಾಸಿನ ಗಡುವು ಇರುತ್ತದೆ, ನಿಮ್ಮದರಲ್ಲಿ ಎಷ್ಟು ಎಂದು ನೋಡಿಕೊಳ್ಳಿ.

ಅದೇ ಮನೆಗೆ ಕ್ಯಾಶ್ ವ್ಯಾಲ್ಯೂ ಪಾಲಿಸಿ ಇದ್ದರೆ? ಸಿಗುವುದು ಆ 4,600 ಮಾತ್ರ. ಉಳಿದ 19,400 ನಿಮ್ಮದೇ. ಡಿಡಕ್ಟಿಬಲ್ ಶೇಕಡಾ 2 ಆಗಿದ್ದರೆ ಸವಕಳಿ ಕಳೆದು ಉಳಿದ 9,600ಕ್ಕಿಂತ ಡಿಡಕ್ಟಿಬಲ್ಲೇ ಜಾಸ್ತಿ. ಬರುವುದು ಸೊನ್ನೆ. ವರ್ಷವರ್ಷವೂ ಸಾವಿರಾರು ಡಾಲರ್ ಪ್ರೀಮಿಯಂ ಕಟ್ಟಿದವರಿಗೆ ಇದು ಅನ್ಯಾಯ ಅನಿಸುತ್ತದೆ. ನನಗೂ ಅನಿಸುತ್ತದೆ. ಆದರೆ ಆಲಿಕಲ್ಲು ಬಿದ್ದ ಮೇಲೆ ಏನೂ ಬದಲಾಯಿಸಲು ಬರುವುದಿಲ್ಲ, ನವೀಕರಣದ ಸಮಯದಲ್ಲಿ ಬರುತ್ತದೆ. ಆಗ ಏಜೆಂಟರಿಗೆ ಫೋನ್ ಮಾಡಿ ಕೇಳಿ: ಛಾವಣಿಗೆ ರಿಪ್ಲೇಸ್‌ಮೆಂಟ್ ಕಾಸ್ಟ್ ಬೇಕಾದರೆ ಪ್ರೀಮಿಯಂ ಎಷ್ಟು ಹೆಚ್ಚುತ್ತದೆ? ಡಿಡಕ್ಟಿಬಲ್ ಶೇಕಡಾ 1ಕ್ಕೆ ಇಳಿಸಿದರೆ ಎಷ್ಟು? ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ಆರ್ಡಿನೆನ್ಸ್ ಆರ್ ಲಾ ಎಂಬ ಕವರೇಜ್ ಇದೆಯಾ ಎಂದೂ ಅದೇ ಫೋನಿನಲ್ಲಿ ಕೇಳಿ. ನಿಮ್ಮ ಛಾವಣಿ ಹಾಕಿದ ಮೇಲೆ ಊರಿನ ಕಟ್ಟಡ ನಿಯಮಗಳು ಬದಲಾಗಿರಬಹುದು. ಹೊಸ ನಿಯಮದಂತೆ ಮಾಡಿಸಬೇಕಾದ ಹೆಚ್ಚುವರಿ ಕೆಲಸಕ್ಕೆ ಈ ಕವರೇಜ್ ಇಲ್ಲದಿದ್ದರೆ ದುಡ್ಡು ಬರುವುದಿಲ್ಲ.

ಹೆಜ್ಜೆ 3: ಬಿಸಿಲಿರುವಾಗಲೇ ಫೋಟೊ ತೆಗೆಸಿ

ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಮೊದಲು ಹಂಚು ಕೈಯಾಡಿಸುವ ರೂಢಿ ಇದೆಯಲ್ಲ, ಶಿಂಗಲ್ ಛಾವಣಿಗೂ ಅಂಥ ವಾರ್ಷಿಕ ನೋಟ ಬೇಕು. ಟೆಕ್ಸಾಸ್‌ನಲ್ಲಿ ಆಲಿಕಲ್ಲಿನ ಕಾಟ ಹೆಚ್ಚಾಗಿ ಮಾರ್ಚ್‌ನಿಂದ ಜೂನ್‌ವರೆಗೆ. ಫೆಬ್ರವರಿಯಲ್ಲಿ ಒಬ್ಬ ರೂಫರ್ (ಛಾವಣಿ ಕೆಲಸದವರು) ಅಥವಾ ಹೋಮ್ ಇನ್‌ಸ್ಪೆಕ್ಟರ್ ಕರೆಸಿ, ನಾಲ್ಕೂ ಇಳಿಜಾರಿನ ಫೋಟೊ ತೆಗೆಸಿ, ಒಂದು ಪುಟದ ವರದಿ ಬರೆಸಿಕೊಳ್ಳಿ. ನೀವೇ ಏಣಿ ಹತ್ತಬೇಡಿ. ದಿನಾಂಕವಿರುವ ಫೋಟೊಗಳು ಇದ್ದರೆ 'ಇದು ಹಳೆಯ ಹಾನಿ' ಎಂಬ ವಾದಕ್ಕೆ ನಿಮ್ಮ ಹತ್ತಿರ ಉತ್ತರ ಇರುತ್ತದೆ.

ಛಾವಣಿ ಯಾವ ವರ್ಷ ಹಾಕಿದ್ದು ಎನ್ನುವುದಕ್ಕೂ ಪುರಾವೆ ಇಟ್ಟುಕೊಳ್ಳಿ. ಹಿಂದಿನ ಮಾಲೀಕರು ಬದಲಾಯಿಸಿದ್ದರೆ ಸಿಟಿ ಆಫೀಸಿನಲ್ಲಿ ಪರ್ಮಿಟ್ ದಾಖಲೆ ಸಿಗಬಹುದು. ಕಂಪನಿಯ ಕಡತದಲ್ಲಿ ಮನೆ ಕಟ್ಟಿದ ವರ್ಷವನ್ನೇ ಛಾವಣಿಯ ವರ್ಷ ಎಂದು ಬರೆದುಕೊಂಡಿರುವುದು ಉಂಟು. ಐದು ವರ್ಷದ ಹಿಂದೆ ಬದಲಾಯಿಸಿದ ಛಾವಣಿಗೆ ಹದಿನೆಂಟು ವರ್ಷದ ಪ್ರೀಮಿಯಂ ಕಟ್ಟುವುದು ಯಾಕೆ, ಅಲ್ವಾ?

ಈಗ ಕಂಪನಿಗಳು ವಿಮಾನ, ಡ್ರೋನ್, ಉಪಗ್ರಹಗಳಿಂದ ತೆಗೆದ ಚಿತ್ರ ನೋಡಿಯೂ ಛಾವಣಿಯನ್ನು ಅಳೆಯುತ್ತವೆ. ಮರದ ನೆರಳು, ಪಾಚಿಯ ಕಪ್ಪು ಗೆರೆಗಳು ಮೇಲಿನಿಂದ ಹಾನಿಯ ಹಾಗೆ ಕಾಣಬಹುದು. ನವೀಕರಿಸುವುದಿಲ್ಲ ಎಂದು ಪತ್ರ ಬಂದರೆ ಮೊದಲು ಕಾರಣವನ್ನು ಬರಹದಲ್ಲಿ ಕೇಳಿ. ಚಿತ್ರ ನೋಡಿ ನಿರ್ಧರಿಸಿದ್ದರೆ ಆ ಚಿತ್ರ ಮತ್ತು ಅದರ ದಿನಾಂಕ ಕೇಳಿ. ರೂಫರ್ ವರದಿ, ಹತ್ತಿರದ ಫೋಟೊ ಕಳಿಸಿ ಮರುಪರಿಶೀಲನೆ ಕೋರಿ. ಜೊತೆಜೊತೆಗೇ ಸ್ವತಂತ್ರ ಏಜೆಂಟ್ ಒಬ್ಬರ ಮೂಲಕ ಬೇರೆ ಕಂಪನಿಗಳನ್ನೂ ವಿಚಾರಿಸಿ, ಉತ್ತರಕ್ಕಾಗಿ ಕಾಯುತ್ತಾ ಕೂರಬೇಡಿ. ಮನೆ ಸಾಲ ಇದ್ದು ಪಾಲಿಸಿ ತಪ್ಪಿತೆಂದರೆ ಸಾಲ ಕೊಟ್ಟವರು ತಾವೇ ಒಂದು ಪಾಲಿಸಿ ಹಾಕಿ ದುಡ್ಡು ವಸೂಲು ಮಾಡುತ್ತಾರೆ. ಫೋರ್ಸ್-ಪ್ಲೇಸ್ಡ್ ಎನ್ನುವ ಆ ಪಾಲಿಸಿ ದುಬಾರಿ. ಅದು ಕಾಯುವುದು ಮುಖ್ಯವಾಗಿ ಸಾಲ ಕೊಟ್ಟವರ ಹಿತವನ್ನು, ನಿಮ್ಮ ಸಾಮಾನುಗಳನ್ನಲ್ಲ.

ಎಲ್ಲೂ ಸಿಗದಿದ್ದರೆ ರಾಜ್ಯದ ಕೊನೆಯ ಆಸರೆಯ ವ್ಯವಸ್ಥೆಗಳಿವೆ. ಟೆಕ್ಸಾಸ್‌ನಲ್ಲಿ ಫೇರ್ ಪ್ಲಾನ್, ಕಡಲತೀರದ ಕೌಂಟಿಗಳಿಗೆ ಗಾಳಿ ಮತ್ತು ಆಲಿಕಲ್ಲಿಗಾಗಿ ಟೆಕ್ಸಾಸ್ ವಿಂಡ್‌ಸ್ಟಾರ್ಮ್ ಇನ್ಶೂರೆನ್ಸ್ ಅಸೋಸಿಯೇಷನ್, ಫ್ಲೋರಿಡಾದಲ್ಲಿ ಸಿಟಿಜನ್ಸ್.

ಹೆಜ್ಜೆ 4: ಬಿರುಗಾಳಿ ನಿಂತ ಮೇಲೆ

ಮೊದಲು ಮನೆಯವರ ಸುರಕ್ಷತೆ. ಆಮೇಲೆ ನೀರು ಒಳಗೆ ಬರುವುದನ್ನು ನಿಲ್ಲಿಸುವುದು. ಟಾರ್ಪಾಲು ಹಾಕಿಸಿ, ರಸೀದಿ ಇಟ್ಟುಕೊಳ್ಳಿ. ಹಾನಿ ಇನ್ನಷ್ಟು ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿಯ ಪ್ರಕಾರ ನಿಮ್ಮ ಜವಾಬ್ದಾರಿ, ಮಾಡದಿದ್ದರೆ ಕ್ಲೇಮಿಗೆ ಪೆಟ್ಟು. ಟಾರ್ಪಾಲು ಹಾಕುವ ಮೊದಲು ಫೋಟೊ ತೆಗೆಯಿರಿ. ಕಾಯಂ ರಿಪೇರಿ ಮಾತ್ರ ಅಡ್ಜಸ್ಟರ್ (ಹಾನಿ ಅಳೆಯಲು ಕಂಪನಿ ಕಳಿಸುವವರು) ನೋಡುವವರೆಗೆ ಮಾಡಿಸಬೇಡಿ.

ಅಂಗಳದಲ್ಲಿ ಬಿದ್ದ ಆಲಿಕಲ್ಲನ್ನು ಒಂದು ನಾಣ್ಯದ ಪಕ್ಕ ಇಟ್ಟು ಫೋಟೊ ತೆಗೆಯಿರಿ. ಒಂದು ಇಂಚು ಅಂದರೆ ಕ್ವಾರ್ಟರ್ ನಾಣ್ಯದಷ್ಟು. ಅಮೆರಿಕದ ಹವಾಮಾನ ಇಲಾಖೆ ತೀವ್ರ ಎಂದು ಕರೆಯುವುದು ಆ ಗಾತ್ರದಿಂದ. ಹಳೆಯ, ಒಣಗಿದ ಶಿಂಗಲ್‌ಗೆ ಅದಕ್ಕಿಂತ ಚಿಕ್ಕದೂ ಏಟು ಕೊಡಬಹುದು. ಯಾವ ದಿನ ಬಿದ್ದದ್ದು ಎಂಬುದು ಬಹಳ ಮುಖ್ಯ. ಒಂದೇ ವಸಂತದಲ್ಲಿ ಎರಡು ಮೂರು ಸಲ ಬಿದ್ದಿದ್ದರೆ, ತಪ್ಪು ದಿನಾಂಕ ಕೊಟ್ಟರೆ ಕ್ಲೇಮ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಮೆರಿಕ ಸರ್ಕಾರದ ಹವಾಮಾನ ಸಂಸ್ಥೆ ನೋವಾದ (NOAA) ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್ ಪ್ರತಿ ದಿನದ ವರದಿಗಳನ್ನು ಪ್ರಕಟಿಸುತ್ತದೆ: ಯಾವ ಊರು, ಎಷ್ಟು ಹೊತ್ತಿಗೆ, ಎಷ್ಟು ದೊಡ್ಡ ಆಲಿಕಲ್ಲು. ನಿಮ್ಮ ಊರಿನ ಸಾಲನ್ನು ಮುದ್ರಿಸಿ ಕಡತಕ್ಕೆ ಸೇರಿಸಿ.

ನೆಲದ ಮೇಲೆ ನಿಂತೇ ನೋಡಬಹುದಾದ ಸಾಕ್ಷಿಗಳಿವೆ. ಆಲಿಕಲ್ಲು ಮೊದಲು ಗುರುತು ಬಿಡುವುದು ಮೆತ್ತನೆಯ ಲೋಹದ ಮೇಲೆ. ಗಟರ್, ಛಾವಣಿಯ ವೆಂಟುಗಳು, ಮೇಲ್‌ಬಾಕ್ಸ್, ಏಸಿ ಯಂತ್ರದ ಪಕ್ಕದ ತೆಳು ಅಲ್ಯೂಮಿನಿಯಂ ಪಟ್ಟಿಗಳಲ್ಲಿ ಗುಳಿಗಳನ್ನು ಹುಡುಕಿ. ಗಟರ್ ಕೊಳವೆಯ ಬಾಯಲ್ಲಿ ಕಪ್ಪು ಮರಳು ರಾಶಿ ಬಿದ್ದಿದೆಯಾ ನೋಡಿ, ಅದು ಶಿಂಗಲ್ ಮೇಲಿನ ಹರಳು. ಬೇಲಿ, ಡೆಕ್, ಗ್ಯಾರೇಜ್ ಬಾಗಿಲು, ಕಿಟಕಿಯ ಜಾಲರಿ ಎಲ್ಲದರ ಫೋಟೊ ತೆಗೆಯಿರಿ. ಗಾಳಿಯ ಹಾನಿ ಬೇರೆ ಥರ. ಶಿಂಗಲ್ ಎದ್ದು, ಮಡಚಿ, ಮತ್ತೆ ಕೂತಿರುತ್ತದೆ. ಕೆಳಗಿನಿಂದ ಸರಿಯಾಗಿಯೇ ಕಾಣುತ್ತದೆ, ಹತ್ತಿರ ಹೋದರೆ ಅಡ್ಡಗೆರೆ ಕಾಣುತ್ತದೆ. ಆಟಿಕ್‌ಗೆ ಟಾರ್ಚ್ ಹಿಡಿದು ಹೋಗಿ ಮರದ ಮೇಲೆ ಹಸಿ ಕಲೆ ಇದೆಯಾ ನೋಡುವುದನ್ನೂ ಮರೆಯಬೇಡಿ.

ಹೆಜ್ಜೆ 5: ಬಾಗಿಲು ತಟ್ಟುವ ರೂಫರ್‌ಗಳು

ಆಲಿಕಲ್ಲು ಬಿದ್ದ ಮರುದಿನ ಬೀದಿಯಲ್ಲಿ ಪಿಕಪ್ ಟ್ರಕ್ಕುಗಳು ಓಡಾಡುತ್ತವೆ. 'ಉಚಿತವಾಗಿ ನೋಡಿಕೊಡುತ್ತೇವೆ, ಇಲ್ಲೊಂದು ಸಹಿ ಹಾಕಿ' ಎನ್ನುತ್ತಾರೆ. ಆ ಕಾಗದದಲ್ಲಿ ಬಹಳ ಸಲ 'ಇನ್ಶೂರೆನ್ಸ್ ಒಪ್ಪಿದರೆ ಕೆಲಸ ನಮಗೇ' ಎಂಬ ಒಪ್ಪಂದ ಅಡಗಿರುತ್ತದೆ. ನಿಂತ ಕಾಲಲ್ಲಿ ಸಹಿ ಹಾಕಬೇಡಿ. ಹಾಕಿಬಿಟ್ಟಿದ್ದರೆ, ಮನೆ ಬಾಗಿಲಿಗೆ ಬಂದು ಮಾಡಿದ ಮಾರಾಟವನ್ನು ಮೂರು ಕೆಲಸದ ದಿನಗಳೊಳಗೆ ರದ್ದು ಮಾಡಲು ಕೇಂದ್ರ ಸರ್ಕಾರದ ನಿಯಮ ಅವಕಾಶ ಕೊಡುತ್ತದೆ. ಬರಹದಲ್ಲಿ ತಿಳಿಸಿ.

ಟೆಕ್ಸಾಸ್‌ನಲ್ಲಿ ರೂಫರ್‌ಗಳಿಗೆ ರಾಜ್ಯದ ಲೈಸೆನ್ಸ್ ಎಂಬುದೇ ಇಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು. ಹಾಗಾಗಿ ಊರಿನಲ್ಲೇ ಕಚೇರಿ ಇದೆಯಾ, ಲಯಬಿಲಿಟಿ ಇನ್ಶೂರೆನ್ಸ್ ಪತ್ರ ಇದೆಯಾ, ಎರಡು ವರ್ಷದ ಹಿಂದೆ ಮಾಡಿದ ಮನೆಗಳ ಮಾಲೀಕರ ಜೊತೆ ಮಾತಾಡಿಸುತ್ತಾರಾ ಎಂದು ಕೇಳುವುದು ನಿಮ್ಮ ಕೆಲಸ. ಫ್ಲೋರಿಡಾದಲ್ಲಿ ಲೈಸೆನ್ಸ್ ಕಡ್ಡಾಯ, ಆನ್‌ಲೈನಿನಲ್ಲೇ ಪರೀಕ್ಷಿಸಬಹುದು.

'ಡಿಡಕ್ಟಿಬಲ್ ನಾವು ನೋಡಿಕೊಳ್ಳುತ್ತೇವೆ, ನೀವು ಒಂದು ಡಾಲರ್ ಕೊಡಬೇಡಿ' ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಟೆಕ್ಸಾಸ್‌ನಲ್ಲಿ 2019ರ ಸೆಪ್ಟೆಂಬರ್ 1ರಿಂದ ಇದು ಅಪರಾಧ. ಡಿಡಕ್ಟಿಬಲ್ ಮನ್ನಾ ಮಾಡುವುದು, ಬೇರೆ ಹೆಸರಿನಲ್ಲಿ ವಾಪಸ್ ಕೊಡುವುದು, ಎರಡೂ ಸೇರಿ. ನೀವು ಡಿಡಕ್ಟಿಬಲ್ ಕಟ್ಟಿದ್ದಕ್ಕೆ ಚೆಕ್ ಪ್ರತಿ ಅಥವಾ ಕಾರ್ಡ್ ರಸೀದಿ ತೋರಿಸಿ ಎಂದು ಕಂಪನಿ ಕೇಳಬಹುದು, ತೋರಿಸುವವರೆಗೆ ಆ ಎರಡನೆಯ ಕಂತನ್ನು ತಡೆಹಿಡಿಯಬಹುದು. ನಮ್ಮ ಜನರ ವಾಟ್ಸಾಪ್ ಗುಂಪುಗಳಲ್ಲಿ 'ಅವರು ಡಿಡಕ್ಟಿಬಲ್ ತಗೊಳ್ಳಲ್ಲ, ಒಳ್ಳೆ ಕಂಪನಿ' ಎಂದು ಶಿಫಾರಸು ಮಾಡುವುದನ್ನು ನೋಡಿದಾಗ ಸಂಕಟವಾಗುತ್ತದೆ. ಸುಳ್ಳು ಬಿಲ್ಲಿಗೆ ಹೆಸರು ಸೇರಿಸಿಕೊಳ್ಳುವುದು ವೀಸಾ ಮೇಲೆ ಇರುವವರಿಗಂತೂ ಖಂಡಿತ ಬೇಡದ ತಲೆನೋವು.

ಇನ್ನೊಂದು ಮಾತು. ರೂಫರ್ ನಿಮ್ಮ ಪರವಾಗಿ ಕ್ಲೇಮ್ ಮಾತುಕತೆ ನಡೆಸುತ್ತೇನೆ ಎಂದರೆ ಟೆಕ್ಸಾಸ್ ಕಾನೂನು ಒಪ್ಪುವುದಿಲ್ಲ. ಒಂದೇ ಮನೆಗೆ ಕೆಲಸವನ್ನೂ ಮಾಡಿ, ಪಬ್ಲಿಕ್ ಅಡ್ಜಸ್ಟರ್ (ಮನೆಯವರ ಪರ ಕ್ಲೇಮ್ ನಡೆಸುವವರು) ಪಾತ್ರವನ್ನೂ ವಹಿಸುವ ಹಾಗಿಲ್ಲ. ಹಾನಿಯ ವಿವರ, ಬೆಲೆ ಹೇಳಲು ಅಡ್ಡಿಯಿಲ್ಲ.

ಹೆಜ್ಜೆ 6: ಕ್ಲೇಮ್ ಹಾಕಬೇಕಾ?

ರೂಫರ್ ಅಂದಾಜು ಡಿಡಕ್ಟಿಬಲ್‌ಗಿಂತ ಕಡಿಮೆ ಇದ್ದರೆ, ಅಥವಾ ಅದರ ಆಸುಪಾಸು ಇದ್ದರೆ, ಸ್ವಂತ ದುಡ್ಡಲ್ಲಿ ರಿಪೇರಿ ಮಾಡಿಸಿ. ಹಾಕಿದ ಕ್ಲೇಮ್, ಸೊನ್ನೆ ಸಿಕ್ಕಿದರೂ, ಕ್ಲೂ ಎಂಬ ವರದಿಯಲ್ಲಿ ಏಳು ವರ್ಷದವರೆಗೆ ಕೂರಬಹುದು. ಇನ್ಶೂರೆನ್ಸ್ ಕಂಪನಿಗಳು ಪರಸ್ಪರ ನೋಡುವ ಈ ವರದಿಯನ್ನು ಲೆಕ್ಸಿಸ್‌ನೆಕ್ಸಿಸ್ ಇಟ್ಟುಕೊಂಡಿರುತ್ತದೆ. ವರ್ಷಕ್ಕೊಮ್ಮೆ ನೀವು ಉಚಿತವಾಗಿ ತರಿಸಿಕೊಳ್ಳಬಹುದು. ತಪ್ಪಿದ್ದರೆ ತಿದ್ದಿಸಬಹುದು. ಮನೆ ಕೊಳ್ಳುವವರು ಮಾರುವವರಿಂದ ಇದನ್ನು ಕೇಳಿ ಪಡೆಯಬೇಕು. ಗೃಹಪ್ರವೇಶದ ದಿನ ನಿಗದಿ ಮಾಡುವ ಮೊದಲು ಛಾವಣಿಯ ವಯಸ್ಸು ತಿಳಿದು, ಅದೇ ಛಾವಣಿಗೆ ಇನ್ಶೂರೆನ್ಸ್ ಕೋಟ್ ತೆಗೆದುಕೊಳ್ಳಿ. ಎಷ್ಟೋ ಸಲ ಅಲ್ಲೇ ಬೆಲೆ ಇಳಿಸಲು ಕಾರಣ ಸಿಗುತ್ತದೆ.

ಹಾನಿ ದೊಡ್ಡದಿದ್ದರೆ ತಡ ಮಾಡಬೇಡಿ. ಟೆಕ್ಸಾಸ್‌ನ ಬಹಳ ಪಾಲಿಸಿಗಳಲ್ಲಿ ಆಲಿಕಲ್ಲಿನ ಕ್ಲೇಮಿಗೆ ಒಂದು ವರ್ಷದ ಮಿತಿ ಇದೆ. ವಿಂಡ್‌ಸ್ಟಾರ್ಮ್ ಅಸೋಸಿಯೇಷನ್ ಪಾಲಿಸಿಗೂ ಒಂದು ವರ್ಷ. ಪ್ರವಾಹದ ನೀರು ನುಗ್ಗಿದ್ದರೆ ಅದು ಈ ಪಾಲಿಸಿಗೆ ಬರುವುದಿಲ್ಲ, ಅದಕ್ಕೆ ಬೇರೆ ಫ್ಲಡ್ ಪಾಲಿಸಿ ಇರಬೇಕು.

ಹೆಜ್ಜೆ 7: ಅಡ್ಜಸ್ಟರ್ ಬರುವ ದಿನ

ಆ ದಿನ ಮನೆಯಲ್ಲಿರಿ. ನಿಮ್ಮ ರೂಫರ್ ಕೂಡ ಅದೇ ಹೊತ್ತಿಗೆ ಬಂದು, ಜೊತೆಗೆ ಮೇಲೆ ಹತ್ತಲಿ. ಸಾಮಾನ್ಯವಾಗಿ ಅಡ್ಜಸ್ಟರ್ ಪ್ರತಿ ಇಳಿಜಾರಿನಲ್ಲೂ ಹತ್ತಡಿ ಉದ್ದ, ಹತ್ತಡಿ ಅಗಲದ ಚೌಕ ಗುರುತಿಸಿ, ಅದರೊಳಗಿನ ಏಟುಗಳಿಗೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಎಣಿಸುತ್ತಾರೆ. ಯಾವ ಇಳಿಜಾರು ನೋಡಿದರು, ಯಾವುದು ಬಿಟ್ಟರು ಎಂದು ಬರೆದುಕೊಳ್ಳಿ. ಆಲಿಕಲ್ಲು ಗಾಳಿ ಬೀಸಿದ ಕಡೆಯಿಂದ ಬರುತ್ತದೆ. ಒಂದು ಮಗ್ಗುಲಲ್ಲಿ ಏನೂ ಇಲ್ಲದೆ ಇನ್ನೊಂದರ ತುಂಬ ಏಟಿರುವುದು ಸಹಜ.

ವಾದ ಹುಟ್ಟುವುದು ಹೆಚ್ಚಾಗಿ ಒಂದೇ ಕಡೆ: ಇದು ಆಲಿಕಲ್ಲಾ, ಸವಕಳಿಯಾ? ಬಿಸಿಲಿಗೆ ಶಿಂಗಲ್ ಮೇಲೆ ಬೊಬ್ಬೆ ಎದ್ದು ಒಡೆದರೆ ಅದೂ ಚಿಕ್ಕ ಕುಳಿಯ ಹಾಗೇ ಕಾಣುತ್ತದೆ. ವಯಸ್ಸಿನಿಂದ ಹರಳು ಉದುರುವುದು, ಅಂಚು ಸುರುಳಿಯಾಗುವುದು ಸವಕಳಿ. ಅದಕ್ಕೆ ಇನ್ಶೂರೆನ್ಸ್ ಇಲ್ಲ. ಆಲಿಕಲ್ಲಿನ ಏಟು ಹೆಚ್ಚುಕಡಿಮೆ ದುಂಡಗೆ, ಯಾವ ಕ್ರಮವೂ ಇಲ್ಲದೆ ಅಲ್ಲಲ್ಲಿ ಚೆದುರಿರುತ್ತದೆ. ಬೆರಳಿನಿಂದ ಒತ್ತಿದರೆ ಮೆತ್ತಗಿರುತ್ತದೆ, ಪಕ್ಕದ ಲೋಹದ ವೆಂಟಿನಲ್ಲೂ ಅದರ ಜೋಡಿ ಗುಳಿ ಇರುತ್ತದೆ. ಹಳೆಯ ಛಾವಣಿ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ಸಾಯುವುದಿಲ್ಲ. ಹಳೆಯ ಛಾವಣಿಗೂ ಹೊಸ ಹಾನಿ ಆಗಬಹುದು. ನೀವು ಹಿಡಿದುಕೊಳ್ಳಬೇಕಾದ ವಾದ ಇದೇ, ಇದಕ್ಕಾಗಿಯೇ ಫೆಬ್ರವರಿಯ ಫೋಟೊ ಬೇಕಾಗಿದ್ದು.

ಸೋಲಾರ್ ಫಲಕ ಇದ್ದರೆ ಮೊದಲೇ ಹೇಳಿ. ಛಾವಣಿ ಬದಲಾಯಿಸಲು ಅವನ್ನು ಬಿಚ್ಚಿ ಮತ್ತೆ ಕೂರಿಸಬೇಕು, ಖರ್ಚು ಸಾವಿರಗಳಲ್ಲಿ. ಅದು ಅಂದಾಜಿನಲ್ಲಿ ಸೇರಬೇಕು.

ಹೆಜ್ಜೆ 8: ಅಂದಾಜು ಪಟ್ಟಿಯನ್ನು ಸಾಲು ಸಾಲಾಗಿ ಓದಿ

ಕಂಪನಿ ಕಳಿಸುವ ಅಂದಾಜು ಹೆಚ್ಚಾಗಿ ಎಕ್ಸಾಕ್ಟಿಮೇಟ್ ಎಂಬ ಸಾಫ್ಟ್‌ವೇರಿನಲ್ಲಿ ತಯಾರಾಗಿರುತ್ತದೆ. ಅಳತೆ 'ಸ್ಕ್ವೇರ್' ಲೆಕ್ಕದಲ್ಲಿ, ಒಂದು ಸ್ಕ್ವೇರ್ ಎಂದರೆ 100 ಚದರಡಿ. ರೂಫರ್ ಅಳತೆಗೂ ಅದಕ್ಕೂ ತಾಳೆ ನೋಡಿ. ಬಿಟ್ಟುಹೋಗುವ ಸಾಲುಗಳು ಯಾವಾಗಲೂ ಅವೇ: ಅಂಚಿನ ಡ್ರಿಪ್ ಎಡ್ಜ್, ಚಿಮಣಿ ಸುತ್ತಲಿನ ಫ್ಲ್ಯಾಶಿಂಗ್, ತುದಿಯ ರಿಡ್ಜ್ ಕ್ಯಾಪ್, ಮೊದಲ ಸಾಲಿನ ಸ್ಟಾರ್ಟರ್, ಕಡಿದಾದ ಇಳಿಜಾರಿಗೆ ಹೆಚ್ಚುವರಿ ಕೂಲಿ, ಪರ್ಮಿಟ್ ಶುಲ್ಕ. ಬಿಟ್ಟಿದ್ದರೆ ಫೋಟೊ ಜೊತೆ ಸಪ್ಲಿಮೆಂಟ್, ಅಂದರೆ ಹೆಚ್ಚುವರಿ ಹಣ ಕೇಳಿ. ಕೆಲಸ ಶುರುವಾಗಿ ಶಿಂಗಲ್ ಕಿತ್ತ ಮೇಲೆ ಕೆಳಗಿನ ಹಲಗೆ ಕೊಳೆತದ್ದು ಕಂಡರೆ, ಮುಚ್ಚುವ ಮೊದಲು ಫೋಟೊ ತೆಗೆದು ಕಂಪನಿಗೆ ತಿಳಿಸಿ. ಕೊಳೆತಕ್ಕೆ ಹಳೆಯ ಸೋರಿಕೆ ಕಾರಣವಾದರೆ ಅದು ನಿಮ್ಮ ಖರ್ಚಿಗೇ ಬೀಳಬಹುದು, ಆದರೂ ಕೇಳಿ.

ಟೆಕ್ಸಾಸ್‌ನಲ್ಲಿ ಕಂಪನಿಗೂ ಗಡುವುಗಳಿವೆ. ಕ್ಲೇಮ್ ಬಂದಿದೆ ಎಂದು 15 ದಿನದೊಳಗೆ ತಿಳಿಸಬೇಕು. ಕೇಳಿದ ಕಾಗದವೆಲ್ಲ ಕೈಸೇರಿದ ಮೇಲೆ 15 ಕೆಲಸದ ದಿನಗಳಲ್ಲಿ ಒಪ್ಪಬೇಕು ಇಲ್ಲವೇ ಕಾರಣ ಕೊಟ್ಟು ತಿರಸ್ಕರಿಸಬೇಕು. ಒಪ್ಪಿದರೆ 5 ಕೆಲಸದ ದಿನಗಳಲ್ಲಿ ದುಡ್ಡು. ಹೆಚ್ಚು ಸಮಯ ಬೇಕೆಂದರೆ ಕಾರಣ ಬರೆದು ತಿಳಿಸಬೇಕು, ದೊಡ್ಡ ದುರಂತದ ಸಮಯದಲ್ಲಿ ಗಡುವು ಹಿಗ್ಗುತ್ತದೆ. ನಿಮ್ಮ ಎಲ್ಲ ಮಾತುಕತೆ ಇಮೇಲ್‌ನಲ್ಲಿರಲಿ. ಫೋನಿನಲ್ಲಿ ಮಾತಾಡಿದರೆ 'ಇವತ್ತು ನೀವು ಹೀಗೆ ಹೇಳಿದಿರಿ' ಎಂದು ಅದೇ ದಿನ ಬರೆದು ಕಳಿಸಿ.

ಚೆಕ್ ಬಂದಾಗ ಅದರ ಮೇಲೆ ನಿಮ್ಮ ಹೆಸರಿನ ಜೊತೆ ಮನೆ ಸಾಲದ ಬ್ಯಾಂಕಿನ ಹೆಸರೂ ಇರುತ್ತದೆ. ಅವರ ಲಾಸ್ ಡ್ರಾಫ್ಟ್ ವಿಭಾಗಕ್ಕೆ ಕಳಿಸಿ ಸಹಿ ಮಾಡಿಸಬೇಕು. ಕೆಲವರು ಕೆಲಸ ನಡೆದ ಹಾಗೆ ಹಣ ಬಿಡುತ್ತಾರೆ. ಇದಕ್ಕೆ ವಾರಗಳೇ ಹಿಡಿಯುವುದರಿಂದ ರೂಫರ್‌ಗೆ ಪೂರ್ತಿ ಮುಂಗಡದ ಮಾತು ಕೊಡಬೇಡಿ.

ಹೆಜ್ಜೆ 9: ಕಡಿಮೆ ಕೊಟ್ಟರೆ, ಇಲ್ಲ ಎಂದರೆ

ಮೊದಲು ಬೇರೆ ಅಡ್ಜಸ್ಟರ್‌ರಿಂದ ಮರುತಪಾಸಣೆ ಕೇಳಿ, ಇದಕ್ಕೆ ಖರ್ಚಿಲ್ಲ. ಬೆಲೆಯ ಬಗ್ಗೆ ಮಾತ್ರ ಜಗಳವಾದರೆ, ಪಾಲಿಸಿಯಲ್ಲಿ ಅಪ್ರೈಸಲ್ ಎಂಬ ಅಂಶ ಇದೆಯಾ ನೋಡಿ. ನೀವೊಬ್ಬ, ಕಂಪನಿ ಒಬ್ಬ ಮೌಲ್ಯಮಾಪಕರನ್ನು ನೇಮಿಸಿ, ಅವರಿಬ್ಬರೂ ಒಪ್ಪದಿದ್ದರೆ ಅಂಪೈರ್ ತೀರ್ಮಾನಿಸುತ್ತಾರೆ. ನಿಮ್ಮ ಕಡೆಯವರ ಫೀಸು, ಅಂಪೈರ್ ಫೀಸಿನ ಅರ್ಧ ನಿಮ್ಮದು. ಚಿಕ್ಕ ವ್ಯತ್ಯಾಸಕ್ಕೆ ಇದು ಲಾಭವಿಲ್ಲ.

ಪಬ್ಲಿಕ್ ಅಡ್ಜಸ್ಟರ್ ನಿಮ್ಮ ಪರವಾಗಿ ಕೆಲಸ ಮಾಡುವ ಲೈಸೆನ್ಸುದಾರ. ಟೆಕ್ಸಾಸ್‌ನಲ್ಲಿ ಅವರ ಶುಲ್ಕ ಸಿಕ್ಕ ಹಣದ ಶೇಕಡಾ 10ನ್ನು ಮೀರುವಂತಿಲ್ಲ. ಕಂಪನಿ ತಾನಾಗಿ ಕೊಡಲು ಒಪ್ಪಿದ ಹಣದಲ್ಲೂ ಅವರಿಗೆ ಪಾಲು ಹೋಗುತ್ತದೆ, ಆದ್ದರಿಂದ ಮೊದಲ ದಿನವೇ ನೇಮಿಸುವ ಅವಸರ ಬೇಡ. ಟೆಕ್ಸಾಸ್ ಇನ್ಶೂರೆನ್ಸ್ ಇಲಾಖೆಗೆ ಆನ್‌ಲೈನಿನಲ್ಲಿ ದೂರು ಕೊಡಲು ಹಣ ಬೇಕಿಲ್ಲ. ವಿಷಯ ಗಡುವು ಮೀರಿದ್ದೋ, ಉತ್ತರವೇ ಕೊಡದಿರುವುದೋ ಆದರೆ ಇದು ಪರಿಣಾಮ ಬೀರುತ್ತದೆ. ವಕೀಲರ ದಾರಿ ಕೊನೆಯದು. ಹವಾಮಾನದ ಕ್ಲೇಮಿಗೆ ದಾವೆ ಹೂಡುವ 61 ದಿನ ಮೊದಲು ನೋಟಿಸ್ ಕೊಡಬೇಕು.

ಫ್ಲೋರಿಡಾದವರಿಗೆ

2022ರ ಸೆಪ್ಟೆಂಬರ್ 28ರಂದು ಇಯಾನ್, 2024ರಲ್ಲಿ ಹೆಲೀನ್ ಮತ್ತು ಮಿಲ್ಟನ್ ಚಂಡಮಾರುತಗಳು ಬಂದವು. 2022ರಲ್ಲಿ ಇಲ್ಲಿನ ಕಾನೂನು ಬಹಳ ಬದಲಾಯಿತು. ಹಳೆಯ ಸಲಹೆ ನಂಬಬೇಡಿ.

2022ರ ಮೇ ತಿಂಗಳ ಕಾನೂನು ಮನೆಯವರ ಪರ. ಛಾವಣಿಗೆ 15 ವರ್ಷ ತುಂಬಿರದಿದ್ದರೆ ಬರೀ ವಯಸ್ಸಿನ ಕಾರಣಕ್ಕೆ ಪಾಲಿಸಿ ನಿರಾಕರಿಸುವ ಹಾಗಿಲ್ಲ. 15 ದಾಟಿದ್ದರೆ, ಬದಲಾಯಿಸಿ ಎನ್ನುವ ಮೊದಲು ನಿಮ್ಮ ಖರ್ಚಿನಲ್ಲಿ ತಪಾಸಣೆ ಮಾಡಿಸಲು ಬಿಡಬೇಕು. ಇನ್ನೂ ಐದು ವರ್ಷ ಬಾಳಿಕೆ ಇದೆ ಎಂದು ಅಧಿಕೃತ ಇನ್‌ಸ್ಪೆಕ್ಟರ್ ಬರೆದುಕೊಟ್ಟರೆ ವಯಸ್ಸೊಂದನ್ನೇ ನೆಪ ಮಾಡುವಂತಿಲ್ಲ. ಪತ್ರ ಬಂದ ಕೂಡಲೇ ಈ ತಪಾಸಣೆ ಮಾಡಿಸಿ.

ಅದೇ ವರ್ಷದ ಡಿಸೆಂಬರ್ ಕಾನೂನು ಗಡುವುಗಳನ್ನು ಬಿಗಿ ಮಾಡಿತು. ಹೊಸ ಕ್ಲೇಮಿಗೆ ನಷ್ಟವಾದ ದಿನದಿಂದ ಒಂದು ವರ್ಷ, ಸಪ್ಲಿಮೆಂಟ್‌ಗೆ 18 ತಿಂಗಳು. ಕಂಪನಿ 60 ದಿನದಲ್ಲಿ ಹಣ ಕೊಡಬೇಕು ಇಲ್ಲವೇ ನಿರಾಕರಿಸಬೇಕು. 2023ರ ಜನವರಿ 1ರಿಂದ ಕೊಟ್ಟ ಪಾಲಿಸಿಗಳಲ್ಲಿ ಕ್ಲೇಮಿನ ಹಕ್ಕನ್ನು ರೂಫರ್‌ಗೆ ಬರೆದುಕೊಡಲು ಬರುವುದಿಲ್ಲ. ದಾವೆಯಲ್ಲಿ ಗೆದ್ದರೂ ವಕೀಲರ ಫೀಸು ಕಂಪನಿಯೇ ಕೊಡಬೇಕೆಂಬ ಹಳೆಯ ನಿಯಮವೂ ಹೋಯಿತು. ಹಾಗಾಗಿ ಸರ್ಕಾರ ನಡೆಸುವ ಮಧ್ಯಸ್ಥಿಕೆಗೆ ಈಗ ಬೆಲೆ ಜಾಸ್ತಿ. ಅದರ ಖರ್ಚು ಕಂಪನಿಯದು, ಮೊದಲು ಅದನ್ನೇ ಕೇಳಿ. ಚಂಡಮಾರುತಕ್ಕೆ ಬೇರೆ ಡಿಡಕ್ಟಿಬಲ್ ಇರುತ್ತದೆ: 500 ಡಾಲರ್, ಅಥವಾ ಶೇಕಡಾ 2, 5, 10. ನಿಮ್ಮದು ಎಷ್ಟು ಎಂದು ಜೂನ್ 1ಕ್ಕೆ ಮೊದಲು, ಅಂದರೆ ಚಂಡಮಾರುತದ ಕಾಲ ಶುರುವಾಗುವ ಮೊದಲು ನೋಡಿ.

ಹೆಜ್ಜೆ 10: ಹೊಸ ಛಾವಣಿ ಹಾಕಿಸುವಾಗ

ಆಲಿಕಲ್ಲಿನ ಊರಿನಲ್ಲಿದ್ದರೆ ಕ್ಲಾಸ್ 4 ಶಿಂಗಲ್ ವಿಚಾರಿಸಿ. ಎರಡು ಇಂಚಿನ ಉಕ್ಕಿನ ಗುಂಡನ್ನು 20 ಅಡಿ ಎತ್ತರದಿಂದ ಬೀಳಿಸಿದರೂ ಬಿರುಕು ಬಿಡದಿದ್ದರೆ ಈ ದರ್ಜೆ ಸಿಗುತ್ತದೆ. ಸಾಧಾರಣ ಶಿಂಗಲ್‌ಗಿಂತ ದುಬಾರಿ, ಹೆಚ್ಚಿನ ವ್ಯತ್ಯಾಸ ನಿಮ್ಮದೇ ಖರ್ಚು. ಬದಲಿಗೆ ಪ್ರೀಮಿಯಂನಲ್ಲಿ ರಿಯಾಯಿತಿ ಬರುತ್ತದೆ. ರಿಯಾಯಿತಿಯ ಜೊತೆ ಮೇಲೆ ಹೇಳಿದ ಕಾಸ್ಮೆಟಿಕ್ ಡ್ಯಾಮೇಜ್ ಎಕ್ಸ್‌ಕ್ಲೂಷನ್‌ಗೆ ಸಹಿ ಕೇಳಿದರೆ ಓದಿ ನಿರ್ಧರಿಸಿ. ಗಾಳಿಯ ಊರಿನವರು ಬಿರುಗಾಳಿ ತಡೆಯುವ ಛಾವಣಿಗೆ ಇರುವ ಫೋರ್ಟಿಫೈಡ್ ಎಂಬ ಮಾನದಂಡ ನೋಡಿ, ಅಲಬಾಮಾ ಮತ್ತು ಲೂಸಿಯಾನಾ ಅದಕ್ಕೆ 10,000 ಡಾಲರ್‌ವರೆಗೆ ಅನುದಾನ ಕೊಟ್ಟಿವೆ. ಫ್ಲೋರಿಡಾದಲ್ಲಿ ಮೈ ಸೇಫ್ ಫ್ಲೋರಿಡಾ ಹೋಮ್ ಯೋಜನೆಯಿದೆ, ನಿಧಿ ಇದ್ದಾಗ ಮಾತ್ರ ಅರ್ಜಿ ತೆಗೆದುಕೊಳ್ಳುತ್ತಾರೆ.

ಕೆಲಸ ಮುಗಿದ ದಿನ ಮೂರು ಕಾಗದ ಪಡೆಯಿರಿ: ಪೂರ್ತಿ ಹಣ ಸಂದಾಯವಾದ ಬಿಲ್, ಸಿಟಿಯ ಪರ್ಮಿಟ್ ಮುಚ್ಚಿದ ದಾಖಲೆ, ಶಿಂಗಲ್ ತಯಾರಕರ ವಾರಂಟಿ. ಟೆಕ್ಸಾಸ್‌ನಲ್ಲಿ ಕ್ಲಾಸ್ 4 ಹಾಕಿಸಿದ್ದರೆ ಇನ್ಶೂರೆನ್ಸ್ ಇಲಾಖೆಯ ಪ್ರಮಾಣಪತ್ರದ ಫಾರ್ಮಿಗೆ ರೂಫರ್ ಸಹಿ ಬೇಕು. ಆಮೇಲೆ ಹುಡುಕಿಕೊಂಡು ಹೋದರೆ ಸಿಗುವುದಿಲ್ಲ, ಕೊನೆಯ ಚೆಕ್ ಕೊಡುವ ಮೊದಲೇ ಹಾಕಿಸಿ. ಇವುಗಳ ಒಂದು ಪ್ರತಿಯನ್ನು ಎರಡನೆಯ ಕಂತಿಗಾಗಿ ಕ್ಲೇಮ್ ವಿಭಾಗಕ್ಕೆ ಕಳಿಸಿ. ಇನ್ನೊಂದು ಪ್ರತಿಯನ್ನು ಏಜೆಂಟರಿಗೆ ಬೇರೆಯಾಗಿಯೇ ಕಳಿಸಿ. ಕ್ಲೇಮ್ ವಿಭಾಗ ಹಣ ಕೊಟ್ಟ ಮಾತ್ರಕ್ಕೆ ನಿಮ್ಮ ಪಾಲಿಸಿಯಲ್ಲಿ ಛಾವಣಿಯ ವರ್ಷ ತಾನಾಗಿ ಬದಲಾಗುವುದಿಲ್ಲ. ಮುಂದಿನ ಡಿಕ್ಲರೇಷನ್ಸ್ ಪುಟ ಬಂದಾಗ ಹೊಸ ವರ್ಷ ಮತ್ತು ರಿಯಾಯಿತಿ ಎರಡೂ ಅಲ್ಲಿವೆಯಾ ಎಂದು ನೋಡಿ, ಇಲ್ಲದಿದ್ದರೆ ಅವತ್ತೇ ಫೋನ್ ಮಾಡಿ.